ಬಲ ಮೊಣಕಾಲಿನ ಕಲೆ

ಮೂರು ವರ್ಷದ ಹಿಂದೆ, ಬುದ್ಧ ಪೂರ್ಣಿಮೆಗೆ ಒಂಬತ್ತು ದಿನ ಇರುವಾಗ, ಒಂದು ಮಂಗಳವಾರ ಬೆಳಿಗ್ಗೆ, ಸುರಪುರ ತಾಲೂಕಿನ ಒಂದು ಹಳ್ಳಿಯ ಧ್ಯಾನ ಮಂದಿರದಲ್ಲಿ ಬುದ್ಧನ ಬಿಳಿ ಅಮೃತಶಿಲೆಯ ಮೂರ್ತಿಯ ಬಲ ಮೊಣಕಾಲಿನ ಮೇಲೆ ಅಂಗೈಯಗಲದ ಕಪ್ಪು ಕಲೆ ಕಾಣಿಸಿತು. ಯಾರೋ ಎಣ್ಣೆ ಸುರಿದಿದ್ದಾರೆ ಎಂಬ ಮಾತು ಎಂಟು ಗಂಟೆ ಹೊಡೆಯುವುದರೊಳಗೆ ಊರೆಲ್ಲ ಹಬ್ಬಿತು.

ಪತ್ರಿಕೆಯ ವರದಿಗೆಂದು ನಾನು ಶಹಾಪುರದಿಂದ ಬೈಕ್ ಮೇಲೆ ಅಲ್ಲಿಗೆ ತಲುಪಿದಾಗ ಹತ್ತು ಗಂಟೆ ದಾಟಿತ್ತು. ಆ ಮಂದಿರವನ್ನು ನೋಡಿಕೊಳ್ಳುತ್ತಿದ್ದ ಮುದುಕರು ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಬಲಗೈಯನ್ನು ಬಟ್ಟಲಿನಂತೆ ಬಾಗಿಸಿ ಕಿವಿಯ ಹಿಂದೆ ಇಟ್ಟುಕೊಂಡಿದ್ದರು. ಅವರ ಕಿವಿ ಮಂದವಾಗಿರಲಿಲ್ಲ. ಅದು ಮೂವತ್ತು ವರ್ಷದ ನೌಕರಿ ಕೈಗೆ ಕಲಿಸಿದ್ದ ರೂಢಿ.

ಊರಿನವರು ಅವರನ್ನು ಕೋರ್ಟ್ ಕಾಕಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ತಾಲೂಕು ನ್ಯಾಯಾಲಯದಲ್ಲಿ ಅವರು ಚಪರಾಸಿಯಾಗಿದ್ದರು. ಸಾಕ್ಷಿಗಳನ್ನು ಕೂಗಿ ಕರೆಯುವುದು ಅವರ ಕೆಲಸ. ವರಾಂಡದ ತುದಿಗೆ ಬಂದು ಸಾಕ್ಷಿಯ ಹೆಸರು, ತಂದೆಯ ಹೆಸರು, ಊರು ಸೇರಿಸಿ ಮೂರು ಸಲ ಕೂಗುವರು. ಒಂದೊಂದು ಕೂಗಿಗೂ ಕೈಯನ್ನು ಕಿವಿಯ ಹಿಂದೆ ಇಟ್ಟು ಕಾಯುವರು. ಕೂಗುವಾಗ ಕತ್ತಿನ ನರ ಹಗ್ಗದಂತೆ ಎದ್ದು ನಿಲ್ಲುತ್ತಿತ್ತು. ಚಹಾದಂಗಡಿಯ ಒಳಬೆಂಚಿನಲ್ಲಿ ಕೂತವನಿಗೂ ಆ ದನಿ ಕೇಳುತ್ತಿತ್ತು. ಮನೆಯಲ್ಲಿ ಮಾತ್ರ ಅವರದು ಸಣ್ಣ ದನಿ. 'ಆ ದನಿ ಸರ್ಕಾರದ್ದು. ಕೋರ್ಟಿನಾಗ ಇಟ್ಟು ಬರ್ತೀನಿ' ಎನ್ನುತ್ತಿದ್ದರು.

ನಾನು ಹೊಸದಾಗಿ ವರದಿಗಾರಿಕೆಗೆ ಬಂದಾಗ ನ್ಯಾಯಾಲಯದ ಸುದ್ದಿ ನನ್ನ ಪಾಲಿಗಿತ್ತು. ಮೊದಲ ತಿಂಗಳಲ್ಲೇ ಒಬ್ಬ ಸಾಕ್ಷಿಯ ತಂದೆಯ ಹೆಸರನ್ನು ತಪ್ಪಾಗಿ ಬರೆದೆ. ಮರುದಿನ ಕಾಕಾ ಪತ್ರಿಕೆ ಮಡಚಿ ಹಿಡಿದುಕೊಂಡು ವರಾಂಡದಲ್ಲಿ ಕಾಯುತ್ತಿದ್ದರು.

'ಏನ್ ತಮ್ಮಾ, ಆತಗ ಬ್ಯಾರೇ ಅಪ್ಪನ್ನ ಕೊಟ್ಟೀಯಲ್ಲ?'

'ಗಡಿಬಿಡಿಯಾಗ ಆತ್ರಿ ಕಾಕಾ.'

'ನಾ ಹಿಂಗ ಕೂಗಿದ್ರ ಯಾರೂ ಬರ್ತಿದ್ದಿಲ್ಲ. ಆತ ಅಲ್ಲೇ ಗಿಡದ ಕೆಳಗ ಕೂತಿರ್ತಿದ್ದ, ಇತ್ಲಾಗ ಆತನ ಮ್ಯಾಲ ವಾರಂಟ್ ಹೊಂಟಿರ್ತಿತ್ತು.'

ನಿವೃತ್ತಿಯ ನಂತರ ಅವರು ಹಳ್ಳಿಗೆ ಮರಳಿದರು. ಅವರ ಓಣಿಯಲ್ಲಿ ಕೂಲಿಯವರು, ಸಣ್ಣ ಹೊಲದವರು, ಒಬ್ಬ ಗುಮಾಸ್ತ, ಒಬ್ಬ ಶಾಲೆಯ ಮಾಸ್ತರರು ಇದ್ದರು. ಎಲ್ಲ ಮನೆಗಳೂ ಬೌದ್ಧ ದೀಕ್ಷೆ ಪಡೆದಿದ್ದವು. ದೀಕ್ಷೆ ಕೊಡಿಸಲು ಮುಂದೆ ನಿಂತವರು ಮಾಸ್ತರರು. ಅವರ ಮುಂದಾಳತ್ವದಲ್ಲೇ ತಗಡಿನ ಮಾಡಿನ ಒಂದು ಕೋಣೆಯ ಧ್ಯಾನ ಮಂದಿರ ಎದ್ದಿತು. ಅದರ ಕೀಲಿ ಕಾಕಾ ಅವರ ಕೈಗೆ ಬಂತು.

ಮೂರ್ತಿ ಬಂದ ದಿನ ನಾನು ಅಲ್ಲಿದ್ದೆ. ಎರಡೂವರೆ ಅಡಿ ಎತ್ತರದ, ಪದ್ಮಾಸನದಲ್ಲಿ ಕೂತ ಬುದ್ಧ. ಎಡಗೈ ತೊಡೆಯ ಮೇಲೆ ಅಂಗಾತ ಇತ್ತು. ಬಲಗೈ ಮೊಣಕಾಲಿನ ಮೇಲಿಂದ ಇಳಿದು ಬೆರಳ ತುದಿಯಿಂದ ಕೆಳಗೆ ಮುಟ್ಟಿತ್ತು. ಕೂರಿಸುವ ಕಟ್ಟೆಯ ಒಳಗೆ ತುಂಬಲು ಗೌಂಡಿ ಇಟ್ಟಿಗೆಯ ಚೂರು ರಾಶಿ ಹಾಕಿದ್ದ. ಕಾಕಾ ಅವನನ್ನು ತಡೆದರು.

'ಇವ್ರ ಬಲಗೈ ನೋಡು. ಎತ್ತಾಗ ಅದ?'

'ಕೆಳಗರಿ.'

'ಕೆಳಗ ಏನ್ ತುಂಬಾಕತ್ತೀ?'

'ಇಟ್ಟಂಗಿ ರೀ.'

'ಇಟ್ಟಂಗಿ ಸಾಕ್ಷಿ ಹೇಳ್ತದೇನು?'

ಗೌಂಡಿಗೆ ಅರ್ಥವಾಗಲಿಲ್ಲ. ಮಾಸ್ತರರು ವಿವರಿಸಿದರು. ಬೋಧಿವೃಕ್ಷದ ಕೆಳಗೆ ಕೂತಿದ್ದಾಗ ಮಾರ ಬಂದು, ಈ ಜಾಗದಲ್ಲಿ ಕೂರುವ ಯೋಗ್ಯತೆ ನಿನಗಿದೆ ಎನ್ನಲು ಯಾರು ಸಾಕ್ಷಿ ಎಂದು ಕೇಳಿದ. ಬುದ್ಧ ಬಲಗೈಯಿಂದ ನೆಲ ಮುಟ್ಟಿದ. ಭೂಮಿ ಸಾಕ್ಷಿಯಾಯಿತು. ಈ ಭಂಗಿಗೆ ಭೂಮಿಸ್ಪರ್ಶ ಮುದ್ರೆ ಎನ್ನುತ್ತಾರೆ.

'ಮಾಸ್ತರ್ ಹೇಳಿದ್ದು ಖರೇ ಅದ' ಎಂದರು ಕಾಕಾ. 'ಕಾಗದ ಇಲ್ಲ, ವಕೀಲ ಇಲ್ಲ. ಜಾಗಾ ನಿಂದಲ್ಲ ಅಂತ ಮಾರ ದಾವಾ ಹಾಕ್ಯಾನ. ಇವ್ರು ನೆಲಾನ ಕೂಗಿ ಕರದಾರ. ನಾ ಮಾಡಿದ ನೌಕರಿನೇ ಇದು.'

ಅಂದು ಸಂಜೆಯೊಳಗೆ ಪ್ರತಿ ಮನೆಯವರೂ ತಾವು ದುಡಿಯುವ ಹೊಲದಿಂದ ಒಂದೊಂದು ಬೊಗಸೆ ಎರೆ ಮಣ್ಣು ತಂದರು. ಹೆಚ್ಚಿನವರು ದುಡಿಯುತ್ತಿದ್ದದ್ದು ಬೇರೆಯವರ ಹೊಲದಲ್ಲಿ. ಕಟ್ಟೆಯೊಳಗೆ ಆ ಮಣ್ಣು ತುಂಬಿ, ಮೇಲೆ ಒಂದು ಕಲ್ಲು ಹಾಸಿ, ಮೂರ್ತಿಯನ್ನು ಕೂರಿಸಿದರು. ಚಾಪೆಯ ಮೇಲೆ ಕೂತವರ ಕಣ್ಣು ತುಸುವೇ ಮೇಲಕ್ಕೆ ಏಳುವಷ್ಟು ಎತ್ತರ ಇರಬೇಕೆಂದು ಕಾಕಾ ತಾವೇ ಚಾಪೆಯ ಮೇಲೆ ಕೂತು, ಎದ್ದು, ಮತ್ತೆ ಕೂತು ಅಳತೆ ನೋಡಿದ್ದರು.

ಮೂರ್ತಿಯ ಒಂದೊಂದು ಭಾಗಕ್ಕೂ ಮಾಸ್ತರರ ಅರ್ಥ ಒಂದಿತ್ತು, ಕಾಕಾ ಅವರದು ಇನ್ನೊಂದು. ಕಿವಿ ಉದ್ದ ಏಕೆಂದರೆ ರಾಜಕುಮಾರನಾಗಿದ್ದಾಗ ಹಾಕಿದ್ದ ಭಾರದ ಓಲೆಗಳಿಂದ ಜೋತಿದ್ದು, ಬಿಟ್ಟುಬಂದ ಐಶ್ವರ್ಯದ ಗುರುತು ಎಂದು ಮಾಸ್ತರರು ಮಕ್ಕಳಿಗೆ ಹೇಳುತ್ತಿದ್ದರು. ಕಾಕಾ ಕೊನೆಯ ತನಕ ಕೇಳಿ, 'ಕೇಳಾಕ ಬಂದವ್ರು ಭಾಳ, ಅದಕ್ಕ ಉದ್ದ' ಎನ್ನುವರು. ಅರೆ ಮುಚ್ಚಿದ ಕಣ್ಣು ಒಳನೋಟದ ಸಂಕೇತ ಎಂದರೆ, 'ನಮ್ಮ ಜಡ್ಜ್ ಸಾಹೇಬ್ರೊಬ್ರು ಹಿಂಗೇ ಕೂಡ್ತಿದ್ರು. ನಿದ್ದಿ ಹತ್ಯಾದ ಅಂತ ವಕೀಲರು ಸುಳ್ಳು ಚಾಲೂ ಮಾಡ್ತಿದ್ರು. ಅವ್ರು ಎಲ್ಲಾ ಕೇಳ್ತಿದ್ರು' ಎಂದು ಸೇರಿಸುವರು. ಒಮ್ಮೆ ನಾವಿಬ್ಬರೂ ಬಸ್ಸಿನಲ್ಲಿ ಹೋಗುವಾಗ ಶಹಾಪುರದ ಬೆಟ್ಟಸಾಲಿನಲ್ಲಿ ಮಲಗಿದ ಬುದ್ಧನ ಆಕಾರ ಕಿಟಕಿಯಲ್ಲಿ ಬಂತು. ಬಹಳ ಹೊತ್ತು ನೋಡಿ, 'ಇವ್ರು ಪಾಡದಾರ. ಒರಸಾವ್ರು ಬೇಕಾಗಿಲ್ಲ, ಮಳಿ ನೋಡ್ಕೋತದ' ಎಂದರು.

ಒರೆಸುವುದು ಅವರಿಗೆ ದಿನದ ಮೊದಲ ಕೆಲಸ. ತೊಳೆದು ಒಣಗಿಸಿದ ಹಳೆಯ ಧೋತರದ ತುಂಡಿನಿಂದ ತಲೆಯಿಂದ ಕೆಳಕ್ಕೆ ಒರೆಸುತ್ತಾ ಬರುವರು. ತಲೆಯ ಸುರುಳಿಗೂದಲಿನ ಸಂದಿಗೆ ಮಾತ್ರ ಕ್ಷೌರದ ಮೆತ್ತನೆಯ ಬ್ರಷ್. ಊದಿನಕಡ್ಡಿಯ ಹೊಗೆ ಮುಖಕ್ಕೆ ಹತ್ತಿ ಕಪ್ಪಾಗುತ್ತದೆಂದು ಅದನ್ನು ಬಾಗಿಲ ಬಳಿ ಮರಳಿನ ಡಬ್ಬಿಯಲ್ಲಿ ಸಿಗಿಸಬೇಕು. ಚೆಂಡುಹೂವು ಬಣ್ಣ ಬಿಡುತ್ತದೆ, ಅದಕ್ಕೆ ಹೂವು ತೊಡೆಯ ಮೇಲಲ್ಲ, ಮುಂದಿನ ತಂಬಿಗೆಯಲ್ಲಿ. ಹೊಸದರಲ್ಲಿ ಒಬ್ಬ ಹೆಣ್ಣುಮಗಳು ಮೂರ್ತಿಯನ್ನು ಬೆಳಗಲು ಹುಣಸೆಹಣ್ಣು ಕಿವುಚಿಕೊಂಡು ಬಂದಿದ್ದಳು. 'ಹುಳಿ ಹಿತ್ತಾಳಿಗಿ ಪಾಡವ್ವಾ. ಈ ಕಲ್ಲಿನ ಮೈ ತಿಂತದ' ಎಂದು ಹೊರಗೇ ನಿಲ್ಲಿಸಿದರು. ಅವರ ಹೆಂಡತಿ ನನ್ನೆದುರೇ ಒಮ್ಮೆ, 'ನಲವತ್ತು ವರ್ಷದಾಗ ನನ್ನ ಮಾರಿ ಒಮ್ಮಿ ಹಿಂಗ ನೋಡಿಲ್ಲಪ್ಪಾ. ನೋಡಿದ್ರ ನಾನೂ ಹೊಳೀತಿದ್ದೆ' ಎಂದರು. 'ನೀ ಒರಸಿಸ್ಕೊಳ್ಳಾಕ ಸುಮ್ಕ ಕೂಡಬೇಕಲ್ಲ' ಎಂದರು ಕಾಕಾ.

ಎಣ್ಣೆಯ ಬಗ್ಗೆ ಅವರು ಯಾರಿಗೂ ಏನೂ ಹೇಳಿರಲಿಲ್ಲ. ಹೇಳುವ ಅಗತ್ಯ ಕಂಡಿರಲಿಲ್ಲ. ಎಣ್ಣೆ, ಕುಂಕುಮ, ಕಾಯಿ ಇವು ಇನ್ನು ಇಲ್ಲ ಎಂದು ಮಾಸ್ತರರು ದೀಕ್ಷೆಯ ದಿನವೇ ಪ್ರತಿಜ್ಞೆ ಮಾಡಿಸಿದ್ದರು.

ಆ ಮಂಗಳವಾರಕ್ಕೆ ಹಿಂದಿನ ಮೂರು ದಿನ ಮಂದಿರದಲ್ಲಿ ಬಣ್ಣದ ಕೆಲಸ ನಡೆದಿತ್ತು. ಮಾಡಿದವನು ಕೆಂಭಾವಿಯ ಸಾಬಣ್ಣ. ಮೂವತ್ತೈದರ ಆಸುಪಾಸಿನ, ಬೇರೆ ಸಮಾಜದ ಮನುಷ್ಯ. ಕೆಲಸ ಮುಗಿಯುವ ತನಕ ಕಾಕಾ ಕೀಲಿಯನ್ನು ಅವನಿಗೆ ಕೊಟ್ಟಿದ್ದರು. ಸೋಮವಾರ ರಾತ್ರಿ ಅವನು ಅದನ್ನು ಮರಳಿಸಿದ್ದ. ಕಲೆಯನ್ನು ಮೊದಲು ನೋಡಿದವರು ಮಾಸ್ತರರು. ಅವರು ನನಗೆ ಫೋನ್ ಮಾಡಿದರು. 'ಬುದ್ಧನ ಮೂರ್ತಿಗೆ ಎಣ್ಣೆ ಸುರಿದ ಕಿಡಿಗೇಡಿಗಳು' ಎಂದು ನಾನು ನಾಲ್ಕು ಸಾಲು ಕಳಿಸಿಯೇ ಶಹಾಪುರ ಬಿಟ್ಟೆ. ಪತ್ರಿಕೆಯವರು ಅದನ್ನು ಮೊಬೈಲ್ ಪುಟದಲ್ಲಿ ಹಾಕಿದರು. ನಾನು ಬೈಕ್ ಇಳಿಯುವಾಗ ಅಲ್ಲಿದ್ದವರ ಕೈಯ ಫೋನುಗಳಲ್ಲಿ ಆ ಸಾಲುಗಳಿದ್ದವು.

ಸಾಬಣ್ಣನನ್ನು ಬೇವಿನ ಮರದ ಕೆಳಗೆ ಕೂರಿಸಿದ್ದರು. ಕೆಂಭಾವಿಯಿಂದ ಅವನ ಅಣ್ಣತಮ್ಮಂದಿರು ಎರಡು ಟಂಟಂ ಆಟೋ ತುಂಬ ಬಂದಿದ್ದರು. ಓಣಿಯವರು ಒಂದು ಕಡೆ, ಅವರು ಒಂದು ಕಡೆ. ನಡುವೆ ಸಬ್ ಇನ್‌ಸ್ಪೆಕ್ಟರ್ ಮತ್ತು ನಾಲ್ವರು ಪೊಲೀಸರು.

'ಕೀಲಿ ಯಾರ ಕಡಿ ಇತ್ತು?' ಸಬ್ ಇನ್‌ಸ್ಪೆಕ್ಟರ್ ಕೇಳಿದರು.

'ನನ್ ಕಡಿ ಇತ್ರಿ' ಎಂದ ಸಾಬಣ್ಣ. 'ಗ್ವಾಡಿ ಕೆರದೀನಿ, ಬಣ್ಣ ಹೊಡದೀನಿ. ಮೂರ್ತಿ ಮ್ಯಾಲ ಹಳಿ ಸೀರಿ ಮುಚ್ಚಿದ್ದೆ. ನಡುವ ಒಮ್ಮಿ ಜಾರಿ ಬಿದ್ದಿತ್ತು, ತಿರುಗಿ ಮುಚ್ಚಿದೆ. ಅಷ್ಟೇ ರೀ.'

'ಕೈ ಮೂಸಿ ನೋಡ್ರಿ ಸಾಹೇಬ್ರ, ಎಣ್ಣಿ ನಾರ್ತದ' ಎಂದು ಗುಂಪಿನಲ್ಲಿ ಒಬ್ಬ ಕೂಗಿದ.

'ಬಣ್ಣದವನ ಕೈಯಾಗ ಎಣ್ಣಿ ಇರಲಾರದ ಬೆಲ್ಲ ಇರ್ತದೇನು?' ಸಾಬಣ್ಣನ ಅಣ್ಣ ತಿರುಗಿ ಕೂಗಿದ. ಯಾರೋ ನಕ್ಕರು. ನಗು ಅಲ್ಲೇ ನಿಂತಿತು. ಎರಡೂ ಕಡೆಯವರು ಒಂದು ಹೆಜ್ಜೆ ಮುಂದೆ ಬಂದರು.

ಸಬ್ ಇನ್‌ಸ್ಪೆಕ್ಟರ್ ಸಾಬಣ್ಣನ ಭುಜ ಹಿಡಿದು ಎಬ್ಬಿಸಿದರು. 'ನಡಿ, ಜೀಪ್ ಹತ್ತು.'

ಆಗ ಕಾಕಾ ಗೋಡೆ ಬಿಟ್ಟು ಮೆಟ್ಟಿಲಿನ ತುದಿಗೆ ಬಂದರು. ಕತ್ತಿನ ನರ ಎದ್ದಿತು. ಕೋರ್ಟ್ ಬಿಟ್ಟ ಮೇಲೆ ನಾನು ಕೇಳಿರದ ದನಿಯಲ್ಲಿ ಅವರು ಒಂದು ಹೆಸರು ಕೂಗಿದರು. ಹೆಸರು, ತಂದೆಯ ಹೆಸರು, ಊರು. ಕೈಯನ್ನು ಕಿವಿಯ ಹಿಂದೆ ಇಟ್ಟು ಕಾದರು. ಜನ ಹಿಂದೆ ಮುಂದೆ ನೋಡಿಕೊಂಡರು. ಎರಡನೆಯ ಸಲ ಕೂಗಿದಾಗ ಮಾಸ್ತರರ ಮುಖ ಬದಲಾಯಿತು. ಅದು ಕಾಕಾ ಅವರದೇ ಹೆಸರು. ಮೂರನೆಯ ಸಲ ಕೂಗಿ, ಕಾದು, ಮನೆಯ ಸಣ್ಣ ದನಿಯಲ್ಲಿ 'ಬಂದೀನ್ರಿ' ಎಂದು ತಾವೇ ಉತ್ತರ ಕೊಟ್ಟರು. ಮೆಟ್ಟಿಲಿಳಿದು ಸಬ್ ಇನ್‌ಸ್ಪೆಕ್ಟರ್ ಮುಂದೆ ಕುಕ್ಕರಗಾಲಲ್ಲಿ ಕೂತು, ಬಲಗೈಯ ಬೆರಳುಗಳನ್ನು ನೆಲಕ್ಕೆ ಮುಟ್ಟಿಸಿದರು.

ಮುಂದಿನ ಮಾತುಗಳನ್ನು ನಾನು ಅಲ್ಲೇ ಬರೆದುಕೊಂಡೆ.

'ಎಣ್ಣಿ ಹಚ್ಚಿದಾವ ನಾ. ಅಮಾಸಿ ದಿನ, ಮುಂಜಾನೆ. ಕುಸುಬಿ ಎಣ್ಣಿ. ನನ್ನ ಮೊಣಕಾಲಿಗಿ ಹಚ್ಕೊಂಡು ಒರಸಾಕ ಬಂದಿದ್ದೆ, ಅಂಗೈಯಾಗ ಇನ್ನೂ ಇತ್ತು. ನಮ್ಮವ್ವ ಅಮಾಸಿಗೊಮ್ಮಿ ಹೊಲದ ಬದುವಿನ ಕಲ್ಲಿಗಿ ಎಣ್ಣಿ ಹಚ್ತಿದ್ಲು. ಕಲ್ಲಿಗೂ ಬ್ಯಾಸಗಿ ಆಗ್ತದ ಅಂತಿದ್ಲು. ಇವ್ರ ಮೊಣಕಾಲು ಒಣಗಿದಂಗ ಕಂಡ್ತು. ಹಚ್ಚಿದೆ. ಒರಸಿದೆ, ಆದ್ರ ಕಲ್ಲು ಕುಡದಿತ್ತು. ಗ್ವಾಡಿ ಕೆರದ ಧೂಳು ಅದರ ಮ್ಯಾಲ ಕೂತದ. ಈತ ಏನೂ ಮಾಡಿಲ್ಲ.'

ಮಾಸ್ತರರು, 'ಕಾಕಾ, ಪ್ರತಿಜ್ಞಾ ಮಾಡಬೇಕಾದ್ರ ಎಲ್ಲರಕಿಂತ ದೊಡ್ಡ ದನಿ ನಿಮ್ದಿತ್ತು' ಎಂದರು.

'ಇತ್ತು ಮಾಸ್ತರ್. ದನಿ ದೊಡ್ಡದಿತ್ತು.'

ಸಬ್ ಇನ್‌ಸ್ಪೆಕ್ಟರ್ ಸಾಬಣ್ಣನ ಭುಜದಿಂದ ಕೈ ತೆಗೆದರು. ಟಂಟಂಗಳು ಒಂದೊಂದಾಗಿ ತಿರುಗಿದವು. ಕಾಕಾ ಕೀಲಿಯನ್ನು ಮಾಸ್ತರರ ಕೈಯಲ್ಲಿ ಇಟ್ಟು ನನ್ನ ಹತ್ತಿರ ಬಂದರು.

'ಬರಕೊಂಡೇನು ತಮ್ಮಾ?'

'ಬರಕೊಂಡೀನ್ರಿ.'

'ಇನ್ನೊಂದದ. ಆತನ್ನ ಗಿಡದ ಕೆಳಗ ಕೂರಿಸಿದ ಮ್ಯಾಲ ಎರಡು ತಾಸು ನಾ ಗ್ವಾಡಿಗಿ ನಿಂತಿದ್ದೆ. ಗೊತ್ತಿದ್ದೂ ಸುಮ್ಕ ನಿಂತಿದ್ದೆ. ಅದನ್ನೂ ಬರಿ.'

ಬರೆದೆ. ಮೊಬೈಲ್ ಪುಟದ ನಾಲ್ಕು ಸಾಲುಗಳನ್ನು ತೆಗೆಸಿದೆ. ಅಷ್ಟರೊಳಗೆ ಅವುಗಳ ಚಿತ್ರ ಯಾದಗಿರಿ ದಾಟಿ ಹೋಗಿತ್ತು. ಮರುದಿನದ ಪತ್ರಿಕೆಯಲ್ಲಿ ತಿದ್ದುಪಡಿ ಬಂತು. ಕಿಡಿಗೇಡಿಗಳು ಎಂಬ ಪದವನ್ನು, ಕೀಲಿ ಯಾರ ಬಳಿ ಇತ್ತು ಎಂದು ಕೇಳುವ ಮೊದಲು, ನಾನು ಮತ್ತೆ ಬರೆದಿಲ್ಲ.

ಪೂರ್ಣಿಮೆಯ ಮುಂದಿನ ವಾರ ಕಾಕಾ ಫೋನ್ ಮಾಡಿದರು. ಕೆಂಭಾವಿಗೆ ಸಾಬಣ್ಣನ ಮನೆಗೆ ಹೋಗುವುದಿದೆ ಎಂದರು. 'ನೀನೂ ಬಾ. ನಿನ್ನ ನಾಲ್ಕು ಸಾಲೂ ಅದಾವಲ್ಲ.'

ಅಂದು ಕೆಂಭಾವಿಯಲ್ಲಿ ಸಂತೆ. ಸಾಬಣ್ಣನ ಹೆಂಡತಿ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

'ಜೋಡಿ ಪಾಡದ. ಒಬ್ಬಾವ ಎಣ್ಣಿ ಹಚ್ಚಾವ, ಇನ್ನೊಬ್ಬಾವ ಬೆಂಕಿ ಹಚ್ಚಾವ.'

'ಖರೇ ಅದವ್ವಾ' ಎಂದರು ಕಾಕಾ. 'ಅದಕ್ಕ ಬಂದೀವಿ. ತಪ್ಪಾಗ್ಯಾದ.'

'ನಮ್ ಮನಿಯವ್ರು ಎರಡು ದಿನ ರೊಟ್ಟಿ ಮುಟ್ಟಿಲ್ಲ. ಸಂತ್ಯಾಗ ಹೆಣ್ಮಕ್ಕಳು ನನ್ನ ಮಾರಿ ನೋಡಿ ಗುಸುಗುಸು ಮಾಡ್ತಾರ. ತಪ್ಪಾಗ್ಯಾದ ಅಂದ್ರ ಅದು ಹೋಗ್ತದೇನು?'

ಅವಳು ಇನ್ನೂ ಸ್ವಲ್ಪ ಹೊತ್ತು ಬೈದಳು. ಆಮೇಲೆ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಸಾಬಣ್ಣ ಹೊರಗೆ ಬಂದು ಕೂತ. ಅವನು ಕೇಳಿದ ಮೊದಲ ಮಾತು ಕಲೆಯ ಬಗ್ಗೆಯೇ.

'ಹೋಗ್ಯಾದೇನ್ರಿ?'

'ಇಲ್ಲ. ಸಾಬೂನು, ನೀರು ಎಲ್ಲಾ ನೋಡೀನಿ.'

'ಎಣ್ಣಿ ನೀರಿಗಿ ಬರಂಗಿಲ್ಲ ಕಾಕಾ. ಥಿನ್ನರಿಗಿ ಬರ್ತದ. ಐತವಾರ ಬರ್ತೀನಿ, ನೋಡೂಣು.'

ಆ ಭಾನುವಾರ ಕಾಕಾ ಮಾಸ್ತರರಿಗೆ ಹೇಳಿ ಮಂದಿರದ ಬಾಗಿಲು ತೆಗೆಸಿದರು. ಸಾಬಣ್ಣ ಗೋಡೆಗೆ ಬಳಸುವ ಸುಣ್ಣದ ಕಲ್ಲಿನ ಬಿಳಿ ಪುಡಿಯನ್ನು ಥಿನ್ನರಿನಲ್ಲಿ ಕಲಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ, ಕಲೆಯ ಮೇಲೆ ದಪ್ಪಗೆ ಮೆತ್ತಿದ. ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ. ದೀಪ, ಊದಿನಕಡ್ಡಿ ಆ ದಿನ ಮಂದಿರದ ಹತ್ತಿರವೂ ಬರಬಾರದೆಂದ. ಮರುದಿನ ಹಾಳೆ ತೆಗೆದು, ಪುಡಿ ಒಣಗಿದ ಮೇಲೆ ಕಾಕಾ ಅದನ್ನು ಮರದ ಚಕ್ಕೆಯಿಂದ ಎಬ್ಬಿಸಿದರು. ಅದರ ಒಳಮೈ ಹಳದಿಯಾಗಿತ್ತು. ಕಲ್ಲು ಕುಡಿದ ಎಣ್ಣೆಯನ್ನು ಪುಡಿ ಕುಡಿದಿತ್ತು.

ಆ ಮಳೆಗಾಲದ ಭಾನುವಾರಗಳು ಹೀಗೆ ಕಳೆದವು. ನಾನು ಎರಡು ಸಲ ಹೋಗಿದ್ದೆ. ಕಾಕಾ ಮೂರ್ತಿಯ ಬೆನ್ನು ಹಿಡಿದು ಕೂತಿರುತ್ತಿದ್ದರು, ಸಾಬಣ್ಣ ಮೊಣಕಾಲಿನ ಮುಂದೆ. 'ತೆಳ್ಳಗ ಆತು', 'ನಿಮ್ಮಷ್ಟು ದಪ್ಪ ಬೇಕೇನ್ರಿ' ಎಂದು ಜಗಳ ನಡೆದಿರುತ್ತಿತ್ತು. ಹುಬ್ಬಿನ ಸಂದಿ ಹೇಗೆ ಒರೆಸಬೇಕು, ಬೆರಳ ನಡುವೆ ಬಟ್ಟೆ ಹೇಗೆ ಎಳೆಯಬೇಕು ಎಂದು ಕಾಕಾ ಅವನಿಗೆ ತೋರಿಸುತ್ತಿದ್ದರು. ಎಂಟನೆಯ ಸಲಕ್ಕೆ ಕಲೆ ಕಪ್ಪಿನಿಂದ ಚಹಾದ ಬಣ್ಣಕ್ಕೆ ಇಳಿದು ಅಲ್ಲಿಗೆ ನಿಂತಿತು.

'ಇನ್ನ ಎಣ್ಣಿ ಬರಂಗಿಲ್ರಿ' ಎಂದ ಸಾಬಣ್ಣ. ಆದರೂ ಭಾನುವಾರ ಮೂರ್ತಿ ಒರೆಸಲು ಬರುವುದನ್ನು ಅವನು ಬಿಡಲಿಲ್ಲ.

ಬಂಗಾರದ ಬಣ್ಣದ ಫೈಬರ್ ಮೂರ್ತಿಯೊಂದನ್ನು ಕೊಡಲು ಒಬ್ಬರು ಮುಂದೆ ಬಂದಿದ್ದರು. ಕಲೆಯಾದ ಮೂರ್ತಿಯನ್ನು ತೆಗೆಯಬೇಕೇ ಎಂದು ಮಾಸ್ತರರು ಸಭೆ ಕರೆದರು. ಕಾಕಾ ಹಿಂದಿನ ಸಾಲಿನಲ್ಲಿ ಕೂತಿದ್ದರು. ಹತ್ತಿ ಬಿಡಿಸಲು ಹೋಗುವ ಒಬ್ಬ ಅಜ್ಜಿ ಎದ್ದು, 'ಕಟ್ಟ್ಯಾಗ ನನ್ನ ಬೊಗಸಿ ಮಣ್ಣದ. ಮೂರ್ತಿ ಎಬ್ಬಸಾವ್ರು ಮೊದ್ಲು ನನ್ನ ಮಣ್ಣು ನನಗ ಆರಿಸಿ ಕೊಡ್ರಿ' ಎಂದಳು. ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು. ವಿಷಯ ಅಲ್ಲಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ಕಾಕಾ ಅವರ ಮನೆಯ ಬಾಗಿಲ ಮೊಳೆಗೆ ಮಂದಿರದ ಕೀಲಿ ತೂಗುತ್ತಿತ್ತು. ತಂದಿಟ್ಟವರು ಮಾಸ್ತರರು ಎಂದು ಕಾಕಾ ಅವರ ಹೆಂಡತಿ ಹೇಳಿದರು. ಅವರು ಒಳಗೆ ಬರಲಿಲ್ಲವಂತೆ.

ಆ ದೀಪಾವಳಿಯ ಸುಮಾರಿಗೆ ಕಾಕಾ ಮಂದಿರದ ಹೊರಗೋಡೆಯ ಮೇಲೆ ಸಾಬಣ್ಣನಿಂದ ಆರು ಸಾಲು ಬರೆಸಿದರು. ಒಣ ಬಟ್ಟೆಯಲ್ಲಿ ಒರೆಸಬೇಕು. ಹೂವು ತಂಬಿಗೆಯಲ್ಲಿ. ಊದಿನಕಡ್ಡಿ ಬಾಗಿಲಲ್ಲಿ. ಹುಳಿ ತಾಗಿಸಬಾರದು. ಎತ್ತುವಾಗ ಕೈ ಹಿಡಿದು ಎತ್ತಬಾರದು, ಬುಡ ಹಿಡಿಯಬೇಕು. ಕೊನೆಯ ಸಾಲು ಹೀಗಿದೆ: 'ಎಣ್ಣೆ ಬೇಡ. ಹಚ್ಚಿದವನೇ ಹೇಳುತ್ತಿದ್ದಾನೆ.'

ಹೋದ ಚಳಿಗಾಲದಲ್ಲಿ ಅವರಿಗೆ ಉಬ್ಬಸ ಹೆಚ್ಚಾಯಿತು. ದನಿ ಹೋಗಿತ್ತು. ನಾನು ನೋಡಲು ಹೋದ ದಿನ ಭಾನುವಾರ. ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಾತಾಡಲು ನನ್ನನ್ನು ಹತ್ತಿರ ಕರೆದರು. ನಾನು ಬಗ್ಗಿ ಕೈಯನ್ನು ಕಿವಿಯ ಹಿಂದೆ ಇಟ್ಟೆ. ಅದನ್ನು ನೋಡಿ ನಕ್ಕರು.

'ಆತ ಬಂದಾನೇನು?'

'ಬಂದಾನ್ರಿ. ಒರಸಾಕತ್ಯಾನ.'

'ಬೆರಳ ಸಂದಿ?'

'ನೋಡಿ ಬಂದೀನ್ರಿ. ಒರಸ್ಯಾನ.'

ಒಂಬತ್ತು ದಿನದ ನಂತರ, ಮಂಗಳವಾರ ಬೆಳಿಗ್ಗೆ, ಅವರು ತೀರಿಕೊಂಡರು. ಊರಿನ ಪಶ್ಚಿಮದ ಎರೆ ನೆಲದಲ್ಲಿ ಮಣ್ಣು ಮಾಡಿದರು. ಕೆಂಭಾವಿಯಿಂದ ಎರಡು ಟಂಟಂ ತುಂಬ ಜನ ಬಂದಿದ್ದರು. ಮೂರನೆಯ ದಿನ ನುಡಿನಮನದ ಸಭೆಯಲ್ಲಿ ಕಾಕಾ ಅವರ ಹೆಂಡತಿ ಸೆರಗಿನ ಗಂಟು ಬಿಚ್ಚಿ ಮಂದಿರದ ಕೀಲಿಯನ್ನು ಮಾಸ್ತರರಿಗೆ ಕೊಟ್ಟರು. ಮಾಸ್ತರರು ಅದನ್ನು ಹಿಡಿದುಕೊಂಡು ಎದ್ದು ನಿಂತು, ಹಿಂದಿನ ಸಾಲಿನ ಕಡೆ ನೋಡಿ, ಒಂದು ಹೆಸರು ಕರೆದರು.

ಮೂರ್ತಿಯ ಬಲ ಮೊಣಕಾಲಿನ ಮೇಲೆ ಚಹಾದ ಬಣ್ಣದ ಕಲೆ ಹಾಗೆಯೇ ಇದೆ. ಮಂದಿರದ ಕೀಲಿ ಈಗ ಕೆಂಭಾವಿಯ ಸಾಬಣ್ಣನ ಬಳಿ ಇದೆ.